ಜೊತೆಗೆ ಬರುವವರ ಹೆಸರು

ನನ್ನ ತಂಗಿ ಚಂದನ ಹಡಗು ಹತ್ತುತ್ತಾಳೆ ಅನ್ನುವ ಸುದ್ದಿಯನ್ನು ಊರಿಗೆಲ್ಲ ಹೇಳಿದವಳು ನಾನೇ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿ ಸುದ್ದಿ ಹಬ್ಬಬೇಕಾದರೆ ಬೆಳಗ್ಗೆ ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ಒಂದು ಮಾತು ಅಂದರೆ ಸಾಕು. ಕ್ಯಾನು ಕೆಳಗಿಟ್ಟು ಸೆರಗು ಸರಿ ಮಾಡಿಕೊಂಡು ಅಂದೆ.

"ಬರೋ ತಿಂಗಳು ನಾನೂ ಚಂದನಾನೂ ಚೆನ್ನೈಯಿಂದ ಅಡಗಲ್ಲಿ ಓಗ್ತಾ ಇದೀವಿ. ಮೂರು ದಿನ."

ಎದುರು ಮನೆಯ ಮುನಿಶಾಮಮ್ಮನಿಗೆ ನಂಬಿಕೆ ಬರಲಿಲ್ಲ. "ಅವಳ ವೀಲ್‌ಚೇರು ಅಡಗಿನ ಬಾಗ್ಲಲ್ಲಿ ತೂರ್ತದಾ ರಾಧಮ್ಮ?"

"ಅಂತೋರಿಗೇ ಅಂತ ಬೇರೆ ರೂಮು ಮಾಡವ್ರಂತೆ."

"ತಂಗೀನ ಎತ್ತಿ ಎತ್ತಿ ಸಾಕಿದ್ಯಲ್ಲ, ಆ ಪುಣ್ಯಕ್ಕೆ ದೇವ್ರು ನಿಂಗೆ ಸಮುದ್ರ ತೋರಿಸ್ತಾವ್ನೆ ಬಿಡು" ಅಂದಳು. ನಾನು ಬೇಡ ಅನ್ನಲಿಲ್ಲ. ಆ ಮಾತು ನನಗೆ ಬರಬೇಕಾದದ್ದೇ ಅಂದುಕೊಂಡೆ.

ಬರಬೇಕಾದದ್ದೇ ಮತ್ತೆ. ಹನ್ನೆರಡು ವರ್ಷದ ಹಿಂದೆ ಚಂದನ ಹುಣಸೆ ಮರದಿಂದ ಬಿದ್ದಳು. ಆಗ ಅವಳಿಗೆ ಹತ್ತೊಂಬತ್ತು. ಸೊಂಟದ ಕೆಳಗೆ ಸ್ವಾಧೀನವೇ ಹೋಯಿತು. ನಮ್ಮಪ್ಪ ಸೊಣ್ಣಪ್ಪ ಆ ವರ್ಷವೇ ನನಗೆ ಬಂದಿದ್ದ ಮಾಲೂರಿನ ಸಂಬಂಧ ಬಿಟ್ಟು, ಗಿರಿಯನ್ನು ಇಲ್ಲಟಂ ಅಳಿಯನಾಗಿ ಮನೆಗೇ ತಂದುಕೊಂಡ. ತಾಯಿಯಿಲ್ಲದ ಮನೆ, ನಾನು ಗಂಡನ ಮನೆಗೆ ಹೋದರೆ ಚಿಕ್ಕವಳನ್ನು ಎತ್ತುವವರು ಯಾರು ಅನ್ನುವುದೊಂದೇ ಅವನ ಚಿಂತೆ. ಗಿರಿ ಒಳ್ಳೆಯವನು, ಸಾರಿಗೆ ಉಪ್ಪು ಕಡಿಮೆಯಾದರೂ ನನ್ನ ಮುಖ ನೋಡಿಕೊಂಡು ಕೇಳುತ್ತಾನೆ. ಅಪ್ಪ ಹೋಗಿ ಐದು ವರ್ಷವಾಯಿತು, ನಾನು ಎತ್ತುತ್ತಲೇ ಇದ್ದೇನೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಾಗಿಲಿಂದ ಆಟೋಗೆ. ನನ್ನ ಎಡಭುಜ ಇಳಿದಿದೆ ಅಂತ ರವಿಕೆ ಅಳತೆ ತೆಗೆಯುವಾಗ ದರ್ಜಿ ಹೇಳಿದ ಮೇಲೆ ನನಗೇ ಗೊತ್ತಾದದ್ದು.

ಚಂದನ ಆಂಡರ್ಸನ್‌ಪೇಟೆಯ ಒಂದು ಟ್ರಾವೆಲ್ಸ್ ಅಂಗಡಿಯಲ್ಲಿ ಕೂತು ಫೋನು ನೋಡಿಕೊಳ್ಳುತ್ತಾಳೆ. ನಡೆಯಲಾಗದವರಿಗೆ ಪ್ರವಾಸ ಏರ್ಪಾಡು ಮಾಡುವ ಚೆನ್ನೈ ಕಂಪನಿಯ ಕೆಲಸ ಅದು. ಜೊತೆಗೆ ಚಾಂಪಿಯನ್ ರೀಫ್ಸ್‌ನ ಕಲಾ ಕೂರುತ್ತಾಳೆ. ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಪೆರುಮಾಳ್ ಅವರ ಮಗಳು, ಒಂದು ಕಾಲಿಗೆ ಪೋಲಿಯೊ, ಪಟ್ಟಿ ಕಟ್ಟಿದ ಬೂಟು ಹಾಕಿಕೊಂಡು ಕೋಲು ಹಿಡಿದು ನಡೆಯುತ್ತಾಳೆ. ಇಬ್ಬರೂ ತಮಿಳಿನಲ್ಲಿ ಏನೋ ಹೇಳಿಕೊಂಡು ನಗುತ್ತಾರೆ. ನನಗೆ ತಮಿಳು ಅರ್ಧ ಗೊತ್ತು. ನಗು ಬರುವ ಅರ್ಧ ಮಾತ್ರ ಗೊತ್ತಾಗುವುದಿಲ್ಲ.

ಹಡಗಿನಲ್ಲಿ ವೀಲ್‌ಚೇರಿನವರಿಗೆ ಅಂತ ಇರುವ ರೂಮಿನಲ್ಲಿ ಮೂರು ದಿನ ಇದ್ದು, ಏನು ಸರಿಯಿದೆ ಏನು ಸರಿಯಿಲ್ಲ ಅಂತ ನೋಡಿ ಹೇಳಲು ಕಂಪನಿ ಚಂದನಳನ್ನು ಕರೆದಿತ್ತು. ರೂಮಿನಲ್ಲಿ ಇಬ್ಬರಿಗೆ ಜಾಗ. ಜೊತೆಗೆ ಬರುವವರ ಹೆಸರು ಕೊಡಬೇಕು. ಅದು ಯಾರ ಹೆಸರು ಅಂತ ನಾನು ಕೇಳಲೇ ಇಲ್ಲ, ಕೇಳುವುದೇನಿದೆ ಅದರಲ್ಲಿ. ಡೈರಿಯಲ್ಲಿ ಹೇಳಿದ ದಿನ ಸಂಜೆಯೇ ಅವಳು ಅಂದಳು.

"ಅಕ್ಕ, ಕಲಾ ಎಸರು ಕೊಟ್ಟಿದೀನಿ."

ಕೈಯಲ್ಲಿದ್ದ ಮುದ್ದೆ ಕೋಲು ಪಾತ್ರೆಯಲ್ಲೇ ನಿಂತಿತು. "ಅವಳೇ ಕುಂಟ್ಕೊಂಡು ನಡೀತಾಳೆ. ನಿನ್ನ ಎತ್ತೋರು ಯಾರು?"

"ಎತ್ತೋದು ಬೇಕಾಗಿಲ್ಲ ಕಣಕ್ಕ. ಆ ರೂಮಲ್ಲಿ ಎಲ್ಲಾ ನನ್ನ ಕೈಗೆ ಎಟುಕ್ತದೆ. ಅದ್ನ ನೋಡಕ್ಕೇ ಓಗ್ತಿರೋದು."

"ಅನ್ನೆರಡು ವರ್ಷ ಎತ್ತಿದ್ದು ನಾನು. ಸಮುದ್ರಕ್ಕೆ ಅವಳು."

"ನೀನು ಬಂದ್ರೆ ನೀನು ಎತ್ತೇ ಎತ್ತೀಯ" ಅಂದಳು, ಮೆತ್ತಗೆ. ಆ ಮೆತ್ತನೆ ದನಿ ನನಗೆ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಅವತ್ತಿನಿಂದ ನನ್ನ ಹೊಟ್ಟೆ ಉರಿಯಿತು, ಮುಚ್ಚಿಡುವುದೇನಿದೆ. ಕಲಾ ಅಂದರೆ ಉರಿ, ಅವಳ ಬೂಟಿನ ಸದ್ದು ಕೇಳಿದರೆ ಉರಿ. ಡೈರಿ ಸಾಲಿನಲ್ಲಿ ಹೆಂಗಸರು "ಯಾವಾಗ ಓಗೋದು ರಾಧಮ್ಮ" ಅಂತ ಕೇಳಿದರೆ, "ಇನ್ನೂ ತಾರೀಕು ಬರಬೇಕು" ಅನ್ನುತ್ತಿದ್ದೆ. ಕಲಾಳಿಗೆ ಜ್ವರ ಬರಲಿ ಅಂತ ಒಂದು ಸಲ ದೇವರ ಮುಂದೆ ನಿಂತು ಅಂದುಕೊಂಡೆ. ಆಮೇಲೆ ಸಣ್ಣ ಜ್ವರ ಸಾಕು ಅಂತ ತಿದ್ದಿಕೊಂಡೆ.

ಒಂದು ವಾರ ಬಿಟ್ಟು ಮಧ್ಯಾಹ್ನ, ಚಂದನ ಅಂಗಡಿಯಲ್ಲಿದ್ದಾಗ ನನ್ನ ಫೋನಿಗೆ ಚೆನ್ನೈಯಿಂದ ಕರೆ ಬಂತು. ಮನೆಯವರ ನಂಬರು ಅಂತ ಅವಳು ನನ್ನದನ್ನೇ ಕೊಟ್ಟಿದ್ದಳು. ಮಾತಾಡಿದವರು ಕನ್ನಡ ಬಲ್ಲವರು, ಮರ್ಯಾದೆಯವರು.

"ಅಮ್ಮಾ, ಚಂದನ ಅವರು ಕುರ್ಚಿಯಿಂದ ಮಂಚಕ್ಕೆ ನಾನೇ ಹೋಗ್ತೀನಿ, ನಾನೇ ಸ್ನಾನ ಮಾಡ್ಕೊಳ್ತೀನಿ ಅಂತ ಬರೆದಿದ್ದಾರೆ. ಸುಮ್ನೆ ಖಾತ್ರಿ ಮಾಡ್ಕೊಳ್ಳೋಕೆ ಕೇಳ್ತಿದ್ದೀವಿ. ಸರಿನಾ?"

ನಮ್ಮ ಕಡೆ ದೊಡ್ಡವರು ಇರುವಾಗ ಚಿಕ್ಕವರನ್ನು ಯಾರೂ ಕೇಳುವುದಿಲ್ಲ. ಡಾಕ್ಟರು ಚಂದನಳ ಎದುರಿಗೇ "ಇವರಿಗೆ ನಿದ್ದೆ ಬರುತ್ತಾ" ಅಂತ ನನ್ನನ್ನು ಕೇಳುತ್ತಿದ್ದರು. ರೇಷನ್ ಕಾರ್ಡಿನವರು, ಪಿಂಚಣಿಯವರು, ಹೆಣ್ಣು ನೋಡಲು ಬಂದ ಒಬ್ಬ ದೂರದ ನೆಂಟ, ಎಲ್ಲರೂ ಕೇಳಿದ್ದು ನನ್ನನ್ನು. ಅವಳಿಗೆ ಏನಾಗುತ್ತದೆ ಏನಾಗುವುದಿಲ್ಲ ಅಂತ ಹೇಳುವುದು ನನ್ನ ಕೆಲಸ. ಹಾಗಾಗಿ ಉತ್ತರ ನಾಲಿಗೆ ತುದಿಯಲ್ಲೇ ಇತ್ತು.

ನಿಜ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಶಿಬಿರಕ್ಕೆ ಹೋಗಿ ಬಂದ ಮೇಲೆ ಅವಳು ಒಂದು ನುಣುಪು ಹಲಗೆ ಇಟ್ಟುಕೊಂಡು, ಕೈ ಊರಿ, ಕುರ್ಚಿಯಿಂದ ಮಂಚಕ್ಕೆ ಜಾರುವುದನ್ನು ಕಲಿತಿದ್ದಳು. ಬಾಗಿಲ ಸಂದಿಯಿಂದ ನಾನು ನೋಡಿದ್ದೆ. ನೋಡಿಯೂ ಮಾರನೇ ದಿನ ಅವಳು ಹಲಗೆ ಹುಡುಕುವ ಮುಂಚೆಯೇ ಹೋಗಿ ಎತ್ತಿ ಕೂರಿಸಿದ್ದೆ. ಆಮೇಲೆ ದಿನವೂ ಹಾಗೇ ಮಾಡಿದೆ.

"ಇಲ್ಲ ಸಾರ್" ಅಂದೆ ಫೋನಿಗೆ. "ಆಗಲ್ಲ. ನಾನಿಲ್ದಿದ್ರೆ ಅವಳು ಒಂದು ಲೋಟ ನೀರೂ ಕುಡಿಯಲ್ಲ. ಆಸೆಗೆ ಬರ್ದವ್ಳೆ, ಉಡುಗಿ."

ಎರಡು ದಿನಕ್ಕೆ ಕಲಾ ಹೆಸರು ಹೋಯಿತು. ಎತ್ತಿ ಇಳಿಸಬಲ್ಲವರೇ ಜೊತೆಗೆ ಬರಬೇಕು, ಇಲ್ಲದಿದ್ದರೆ ರೂಮಿಲ್ಲ ಅಂತ ಕಂಪನಿ ಹೇಳಿತಂತೆ. ಊಟದ ಹೊತ್ತಿಗೆ ಚಂದನ ತಟ್ಟೆ ನೋಡಿಕೊಂಡು ಅಂದಳು, "ಅಕ್ಕ, ನಿನ್ನ ಆಧಾರ್ ಕಾರ್ಡು ಕೊಡು." ಬೇರೇನೂ ಕೇಳಲಿಲ್ಲ. "ಯಾಕೆ, ನಾನೇನು ಮಾಡ್ದೆ?" ಅಂತ ನಾನೇ ಬಾಯಿಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗಿರಿ ನನ್ನ ಮುಖ ನೋಡಿ, ತಾನೇ ಸಾರು ಬಡಿಸಿಕೊಂಡ.

ಹೊರಡುವ ದಿನ ಕಲಾ ಬಂಗಾರಪೇಟೆ ಸ್ಟೇಷನ್ನಿಗೆ ಬಂದಿದ್ದಳು. ಕೋಲು ಊರಿಕೊಂಡು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು ಬಂದು, ಡಬ್ಬಿಯ ತುಂಬ ನಿಂಬೆ ಉಪ್ಪಿನಕಾಯಿ ಕೊಟ್ಟಳು. "ಸಮುದ್ರದಲ್ಲಿ ಹೊಟ್ಟೆ ತೊಳಸುತ್ತೆ ಅಕ್ಕಾ, ಇದನ್ನ ನಾಲಿಗೆಗೆ ಹಚ್ಚಿಕೊಳ್ಳಿ. ಚಂದನಾನ ಪಾತ್ತುಕ್ಕೋಂಗೊ" ಅಂದಳು. ನೋಡಿಕೊಳ್ಳಿ ಅಂತ ನನಗೆ ಹೇಳಿಕೊಡುತ್ತಾಳೆ. ಅವಳ ಕಣ್ಣಲ್ಲಿ ಕೋಪದ ಎಳೆಯೂ ಇರಲಿಲ್ಲ, ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಚೆನ್ನೈ ಬಂದರಿನಲ್ಲಿ ಹಡಗಿಗೆ ಅಗಲವಾದ ಇಳಿಜಾರು ಸೇತುವೆ. ಹಿಂದಿನಿಂದ ತಳ್ಳಲು ಕೈ ಚಾಚಿದೆ. "ಬಿಡಕ್ಕ" ಅಂದು ಅವಳೇ ಚಕ್ರ ತಿರುಗಿಸಿಕೊಂಡು ಹತ್ತಿದಳು. ರೂಮಿನ ಮುಂದೆ ಗೋಡೆಯ ಮೇಲಿದ್ದ ಗುಂಡಿ ಒತ್ತಿದಳು, ಬಾಗಿಲು ತಾನೇ ತೆರೆದುಕೊಂಡಿತು. ಹೊಸ್ತಿಲೇ ಇಲ್ಲ. ಒಳಗೆ ಕುರ್ಚಿ ಒಂದು ಸುತ್ತು ತಿರುಗುವಷ್ಟು ಜಾಗ. ಬಟ್ಟೆ ತೂಗುಹಾಕುವ ಕಂಬಿ ಅವಳ ಭುಜದ ಮಟ್ಟಕ್ಕೆ. ಬಚ್ಚಲಿನ ನೆಲ ಸಮತಟ್ಟು, ಗೋಡೆಗೆ ಮಡಚುವ ಪೀಠ, ಅದರ ಎರಡೂ ಕಡೆ ಹಿಡಿಕೆ, ಬಿದ್ದರೆ ಎಳೆದು ಸಹಾಯಕ್ಕೆ ಕರೆಯಲು ನೆಲದವರೆಗೆ ಇಳಿಬಿಟ್ಟ ಕೆಂಪು ದಾರ. ಕನ್ನಡಿ ಎಷ್ಟು ಕೆಳಗಿತ್ತೆಂದರೆ ಕುಂಕುಮ ಇಟ್ಟುಕೊಳ್ಳಲು ನಾನು ಬಗ್ಗಬೇಕಾಯಿತು.

ಮೊದಲನೆಯ ದಿನವೇ ಅವಳು ಹಲಗೆ ಇಟ್ಟು ಮಂಚಕ್ಕೆ ಜಾರಿದಳು. ನಾನು ಓಡಿಹೋದೆ. ಅಷ್ಟರಲ್ಲಿ ಅವಳು ಕೂತಾಗಿತ್ತು. ಸ್ನಾನಕ್ಕೆ ಹೋದಾಗ ಬಾಗಿಲಲ್ಲಿ ನಿಂತುಕೊಂಡೆ, "ಸೋಪು ಕೊಡ್ಲಾ, ಬೆನ್ನು ಉಜ್ಲಾ" ಅಂತ. "ಸಿಕ್ತು, ಎಟುಕ್ತು, ಆಯ್ತು" ಅನ್ನುತ್ತಲೇ ಇದ್ದಳು. ಕಲಾ ಮೇಲಿದ್ದ ಉರಿಯೆಲ್ಲ ಆ ರೂಮಿನ ಮೇಲೆ ತಿರುಗಿತು. ಗೋಡೆಗೆ ಹೊಡೆದ ಹಿಡಿಕೆಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಲೋಕದಲ್ಲಿ ಇರುತ್ತಾಳಾ? ಇದ್ದಳು, ನಾನೇ. ಹನ್ನೆರಡು ವರ್ಷ ನಾನು ಮಾಡಿದ್ದನ್ನು ನಾಲ್ಕು ಸ್ಟೀಲು ಕೊಳವೆ ಮಾಡುತ್ತಿದ್ದವು, ಒಂದು ದಿನವೂ ಸೊಂಟ ನೋವು ಅನ್ನದೆ.

ಎರಡನೆಯ ದಿನ ಅವಳು ಲಿಫ್ಟಿನಲ್ಲಿ ಒಬ್ಬಳೇ ಮೇಲಕ್ಕೆ ಹೋಗಿ, ಯಾರ್ಯಾರನ್ನೋ ಪರಿಚಯ ಮಾಡಿಕೊಂಡು, ಕೆನ್ನೆ ಕೆಂಪು ಮಾಡಿಕೊಂಡು ಬಂದಳು. ನಾನು ರೂಮಿನಲ್ಲೇ ಕೂತು ಮಡಚಿದ್ದ ಬಟ್ಟೆಯನ್ನೇ ಮಡಚಿದೆ. ಸಮುದ್ರ ಕಿಟಕಿಯಲ್ಲಿತ್ತು. ನೋಡುವ ಮನಸ್ಸಾಗಲಿಲ್ಲ.

ಕೊನೆಯ ದಿನ ಬೆಳಗ್ಗೆ ಅವಳು ಕಂಪನಿಗೆ ಹೇಳಬೇಕಾದದ್ದನ್ನು ಫೋನಿನಲ್ಲಿ ರೆಕಾರ್ಡು ಮಾಡತೊಡಗಿದಳು. ನಾನು ಪಕ್ಕದ ಮಂಚದಲ್ಲೇ ಇದ್ದೆ.

"ಬಾಗ್ಲು ಅಗಲ ಸರಿಯಾಗದೆ. ಬಚ್ಚಲಲ್ಲಿ ಎಡಗಡೆ ಇಡಿಕೆ ಒಂದು ಗೇಣು ಕೆಳಗಿದ್ರೆ ಒಳ್ಳೇದು. ಕೆಂಪು ದಾರ ಕೈಗೆ ಸಿಕ್ತದೆ. ಕೊನೇದೊಂದು. ಪ್ಯಾಸೆಂಜರಿಗೆ ಏನಾಗ್ತದೆ ಏನಾಗಲ್ಲ ಅಂತ ಅವರನ್ನೇ ಕೇಳಿ. ಮನೇಗೆ ಫೋನ್ ಮಾಡಿ ಕೇಳ್ಬೇಡಿ. ಮನೇವ್ರಿಗೆ ನಮ್ಮ ಮೇಲೆ ಪ್ರೀತಿ ಜಾಸ್ತಿ, ನಿಜ ಯೋಳಲ್ಲ."

ಗುಂಡಿ ಒತ್ತಿ ಕಳಿಸಿಬಿಟ್ಟಳು.

"ನಾನೇ ಕಣೇ ಯೋಳಿದ್ದು" ಅಂದೆ.

"ಅವತ್ತೇ ಗೊತ್ತು. ಕಂಪ್ನಿಯವ್ರೇ ಯೋಳಿದ್ರು."

"ಮತ್ತೆ ಯಾಕೆ ಕರ್ಕೊಂಡು ಬಂದೆ? ಬೈದು ಮನೇಲೇ ಬಿಟ್ಟು ಬರಬಾರ್ದಾಗಿತ್ತಾ?"

"ಬೈದಿದ್ರೆ ನೀನು ಅಳ್ತಿದ್ದೆ. ಮಾರನೇ ದಿನ ಮತ್ತೆ ಎತ್ತಿ ಕೂರಿಸ್ತಿದ್ದೆ." ಅವಳು ಟವೆಲು ತೊಡೆಯ ಮೇಲೆ ಹಾಕಿಕೊಂಡಳು. "ನಂಗೆ ಆಗ್ತದೆ ಅಂತ ನಿಂಗೆ ಮುಂಚೆನೇ ಗೊತ್ತು ಅಕ್ಕ. ಬಾಗ್ಲ ಸಂದಿಯಿಂದ ನೋಡಿದ್ದು ನಂಗೆ ಕಾಣಿಸಿತ್ತು. ಗೊತ್ತಿಲ್ಲ ಅನ್ನಕ್ಕೆ ಇಲ್ಲಿ ನಿಂಗೆ ಜಾಗ ಇಲ್ಲ, ಅದಕ್ಕೇ ಕರ್ಕೊಂಡು ಬಂದೆ."

ಎರಡು ವರ್ಷ ನಾನು ನೋಡಿಲ್ಲದ ಹಾಗೆ ಮಾಡಿದೆ, ಅವಳು ಕಂಡಿಲ್ಲದ ಹಾಗೆ ಮಾಡಿದಳು, ದಿನವೂ ನನ್ನ ಕುತ್ತಿಗೆಗೆ ಕೈ ಹಾಕಿಕೊಂಡು ಎತ್ತಿಸಿಕೊಂಡಳು. ಯಾರು ಯಾರನ್ನು ಹೊತ್ತಿದ್ದು ಅಂತ ನನಗೆ ತಲೆ ಸುತ್ತಿತು.

"ಸ್ನಾನ ಮಾಡ್ಕೊಂಡು ಬತ್ತೀನಿ" ಅಂದು ಅವಳು ಬಚ್ಚಲಿಗೆ ಹೋದಳು. ಅಭ್ಯಾಸಬಲ, ನಾನೂ ಎದ್ದು ಹಿಂದೆ ಹೋದೆ. ಬಾಗಿಲು ನನ್ನ ಮುಖದ ಮುಂದೆ ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಮರದಿಂದ ಬಿದ್ದ ಮೇಲೆ ನನ್ನ ತಂಗಿ ಚಿಲಕ ಹಾಕಿಕೊಂಡು ಸ್ನಾನ ಮಾಡಿದ್ದು ಅದೇ ಮೊದಲು.

ನಾನು ಮಂಚದ ತುದಿಯಲ್ಲಿ ಕೂತೆ. ನೀರು ಬೀಳುತ್ತಿತ್ತು, ಅವಳು ಏನೋ ಗುನುಗುತ್ತಿದ್ದಳು. ಒಂದು ಸಲ "ಅಕ್ಕ" ಅನ್ನಲಿ, ಸೋಪಾದರೂ ಕೈ ಜಾರಿ ಬೀಳಲಿ ಅಂತ ಕಾದೆ. ನೀರು ನಿಂತಿತು. ಅವಳು ಕರೆಯಲಿಲ್ಲ.