ಅಕ್ಕನ ಗುಲ್ಮ

ರಕ್ತದ ಕಣಗಳು ಒಂದಕ್ಕೊಂದು ಹೇಗೆ ಸುದ್ದಿ ಮುಟ್ಟಿಸುತ್ತವೆ ಅಂತ ಕಂಡುಹಿಡಿಯಲು ಹೊರಟ ದೊಡ್ಡ ಮನುಷ್ಯ ಅವನು. ಹೆಂಡತಿ ಅಡುಗೆಮನೆಯಿಂದ ಗಂಟಲು ಹರಿಯುವಂತೆ ಕೂಗಿದರೂ ಕೇಳಿಸದು. ಕಣದ ಪಿಸುಮಾತು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ಪ್ರಯೋಗಶಾಲೆಯವರು ಅವನಿಗೆ ‘ಸಿಗ್ನಲ್ ಸಾರ್’ ಅಂತ ಹೆಸರಿಟ್ಟಿದ್ದರು. ಅದನ್ನು ಅವನು ಬಿರುದು ಅಂದುಕೊಂಡಿದ್ದ.

ಅವನ ಸಿದ್ಧಾಂತ ಇಷ್ಟೇ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ‘ನಾನು ನಿಮ್ಮವನೇ, ತಿನ್ನಬೇಡಿ’ ಅಂತ ಸಂಕೇತ ಕೊಡುತ್ತವೆ. ಆ ಸಂಕೇತ ಕೆಟ್ಟರೆ ಮೈಯ ಕಾವಲು ಕಣಗಳೇ ಅವನ್ನು ಹೊಟ್ಟೆಯ ಎಡಗಡೆ ಇರುವ ಗುಲ್ಮದೊಳಗೆ, ಅಂದರೆ ಸ್ಪ್ಲೀನ್‌ನೊಳಗೆ, ಹಿಡಿದು ನುಂಗುತ್ತವೆ. ಮಾತೇನೂ ಸುಳ್ಳಲ್ಲ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮಂಡಿ ನೋವಿಗೆಂದು ಬಂದ ಅಕ್ಕನ ರಕ್ತವನ್ನು ಯಂತ್ರಕ್ಕೆ ಕೊಟ್ಟರೆ ಪ್ಲೇಟ್‌ಲೆಟ್ ಪಾತಾಳದಲ್ಲಿತ್ತು. ಒಡಹುಟ್ಟಿದವಳಿಗೆ ಕಾಯಿಲೆ ಅಂತ ಅತ್ತವರುಂಟು, ಹಿಗ್ಗಿದವನು ಇವನೊಬ್ಬನೇ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿಸಿದ. ಅಕ್ಕನ ಮುಖ ಕುಂಬಳಕಾಯಿಯ ಹಾಗೆ ಊದಿತೇ ಹೊರತು ಪ್ಲೇಟ್‌ಲೆಟ್ ಏರಲಿಲ್ಲ. ಕೊನೆಗೆ ಗುಲ್ಮವನ್ನೇ ತೆಗೆಸುವುದೆಂದಾಯಿತು. ತೆಗೆದದ್ದು ನೇರ ಇವನ ಪ್ರಯೋಗಶಾಲೆಗೆ ಬರಬೇಕು, ಅದರ ಮೇಲೆ ದೊಡ್ಡ ಸಭೆಯಲ್ಲಿ ಭಾಷಣ. ಅಕ್ಕನಿಗಿಂತ ಅಕ್ಕನ ಗುಲ್ಮದ ಮೇಲೆ ಅವನಿಗೆ ಮಮತೆ ಹೆಚ್ಚಿತು.

ಹೆಂಡತಿಯೂ ರಕ್ತದ ಕಾಯಿಲೆಗಳ ಡಾಕ್ಟರೇ. ಇಷ್ಟೂ ತಿಂಗಳು ತರಬೇತಿಗೆಂದು ದೂರ ಹೋಗಿದ್ದವಳು ಆಪರೇಷನ್ನಿನ ದಿನ ಬೆಳಿಗ್ಗೆ ಬಂದಿಳಿದು ನೇರ ವಾರ್ಡಿಗೆ ಹೋದಳು. ಅಲ್ಲಿಂದ ಪ್ರಯೋಗಶಾಲೆಗೆ ಬಂದಾಗ ಕೈಯಲ್ಲಿ ಎರಡು ಕೊಳವೆ ರಕ್ತ, ಒಂದಕ್ಕೆ ನೇರಳೆ ಮುಚ್ಚಳ, ಇನ್ನೊಂದಕ್ಕೆ ನೀಲಿ.

“ಅತ್ತಿಗೆಯ ಮೈಮೇಲೆ ಒಂದು ನೀಲಿಗಟ್ಟಿದ ಕಲೆ ಇಲ್ಲ. ಹಲ್ಲುಜ್ಜಿದರೂ ವಸಡಲ್ಲಿ ರಕ್ತ ಬರಲ್ಲವಂತೆ. ನೀವು ಹೇಳೋ ಲೆಕ್ಕ ನಿಜವಾಗಿದ್ರೆ ಇಷ್ಟೊತ್ತಿಗೆ ಅವರು ಜರಡಿ ಆಗಿರಬೇಕಿತ್ತು ಕಣ್ರೀ. ಒಂದು ಹನಿ ಗಾಜಿನ ಮೇಲೆ ಹಚ್ಚಿ ನೋಡಿದ್ರಾ?”

“ಕಣ್ಣಲ್ಲಿ ನೋಡೋ ಕಾಲ ಮುಗೀತು ಮಾರಾಯ್ತಿ. ಯಂತ್ರ ಇದೆಯಲ್ಲ!”

ಆ ಮಾತನ್ನು ನಂಬಿಯೇ ಅವನು ಪ್ರಯೋಗಶಾಲೆಯ ಸೂಕ್ಷ್ಮದರ್ಶಕವನ್ನು ಗಾಜಿನ ಬೀರುವಿನಲ್ಲಿ ಗೊಂಬೆಯ ಹಾಗೆ ಕೂರಿಸಿದ್ದ. ಕೊಳವೆಯೂ ಒಂದೇ ಬಣ್ಣದ್ದು ಸಾಕೆಂದು ನೇರಳೆ ಮುಚ್ಚಳದವನ್ನೇ ತರಿಸುತ್ತಿದ್ದ. ಆಸ್ಪತ್ರೆಯವರೂ ಅದರಲ್ಲೇ ಎಣಿಸಿ, ಇಂಥ ದೊಡ್ಡವರೇ ಹೇಳಿದ ಮೇಲೆ ನಮ್ಮದೇನು ಅಂತ ತಲೆಯಾಡಿಸಿದ್ದರು.

ಹೆಂಡತಿ ಬೀರು ತೆಗೆಸಿದಳು. ಸೆರಗಲ್ಲೇ ಸೂಕ್ಷ್ಮದರ್ಶಕದ ಧೂಳು ಒರೆಸಿ, ಹನಿಯನ್ನು ಗಾಜಿಗೆ ಹಚ್ಚಿ ನೋಡಿದಳು. ಅವನನ್ನೂ ಬಗ್ಗಿಸಿದಳು. ನೇರಳೆ ಕೊಳವೆಯ ಹನಿಯಲ್ಲಿ ಪ್ಲೇಟ್‌ಲೆಟ್‌ಗಳು ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗೆ ಗುಂಪುಗಟ್ಟಿ ಕೂತಿದ್ದವು. ರಕ್ತ ಹೆಪ್ಪುಗಟ್ಟದಿರಲೆಂದು ಆ ಕೊಳವೆಯೊಳಗೆ ಹಾಕಿರುವ ಔಷಧ ಅಪರೂಪಕ್ಕೆ ಕೆಲವರ ರಕ್ತವನ್ನು ಹೀಗೆ ಮಾಡುತ್ತದೆ. ಯಂತ್ರ ಗುಂಪನ್ನು ಎಣಿಸಲಾರದು. ಬೇರೆ ಔಷಧವಿರುವ ನೀಲಿ ಕೊಳವೆಯದನ್ನು ಎಣಿಸಿದರೆ ಪ್ಲೇಟ್‌ಲೆಟ್ ಬೇಕಾದಷ್ಟಿತ್ತು. ಕಾಯಿಲೆ ಇದ್ದದ್ದು ಕೊಳವೆಯಲ್ಲಿ.

ಅವನು ಬೆವರು ಒರೆಸಿಕೊಂಡ. “ಇದನ್ನ... ಭಾಷಣ ಮುಗಿದ ಮೇಲೆ ಹೇಳಿದ್ರೆ?”

“ಭಾಷಣ ಮುಂದಿನ ವಾರ. ಅತ್ತಿಗೆಯ ಹೊಟ್ಟೆ ಕುಯ್ಯೋದು ಇವತ್ತು. ಸರ್ಜನ್‌ಗೆ ನಾನು ಈಗಷ್ಟೇ ಫೋನಲ್ಲಿ ಹೇಳಾಯ್ತು. ಅತ್ತಿಗೆಗೆ ನೀವೇ ಹೇಳಿ. ನಡೀರಿ.”

ವಾರ್ಡಿನಲ್ಲಿ ಅಕ್ಕ ಹಸಿರು ಅಂಗಿ ತೊಟ್ಟು, ಖಾಲಿ ಹೊಟ್ಟೆಯಲ್ಲಿ ಕೂತಿದ್ದಳು.

“ಏನೋ, ಮುಖ ಹಿಂಗೆ ಬಾಡಿದೆ? ಕುಯ್ಯೋದು ನನ್ನ ಹೊಟ್ಟೆ ತಾನೆ?”

“ಆಪರೇಷನ್ ಬೇಡ ಅಕ್ಕ. ವಿಜ್ಞಾನ ಈಗ ಎಷ್ಟು ಮುಂದುವರಿದಿದೆ ಅಂದ್ರೆ...”

ಬಾಗಿಲಲ್ಲಿ ಹೆಂಡತಿ ಕೆಮ್ಮಿದಳು.

“ನಿನ್ನ ರಕ್ತ ಸರಿಯಾಗಿದೆ,” ಅಂದ.

“ಯಾವಾಗಿಂದ?”

ಅವನು ಕಿಟಕಿಯ ಪರದೆ ನೋಡಿದ, ತನ್ನ ಚಪ್ಪಲಿ ನೋಡಿದ. “ಮೊದಲಿಂದಲೂ.”

ಅಕ್ಕ ಊದಿದ ಕೆನ್ನೆಗಳನ್ನು ಎರಡೂ ಕೈಯಲ್ಲಿ ಒತ್ತಿ ನೋಡಿಕೊಂಡಳು. “ಹಾಗಾದ್ರೆ ಇದು ನಿನ್ನ ಪಾಂಡಿತ್ಯ ಅನ್ನು. ತಿರುಗಿ ನಿಂತ್ಕೋ, ಬಟ್ಟೆ ಬದಲಾಯಿಸ್ಬೇಕು. ಭಾಷಣಕ್ಕೆ ನಿನ್ನ ಗುಲ್ಮಾನೇ ತಗೊಂಡು ಹೋಗು.”

ಅವನು ಗೋಡೆಗೆ ಮುಖ ಮಾಡಿ ನಿಂತ. ನಾಚಿಕೆಯಿಂದ ತಲೆ ತಗ್ಗಿಸಿದ್ದಾನೆ ಅಂತ ಹೆಂಡತಿ ಅಂದುಕೊಂಡಳು, ಪಾಪ. ಕೊಳವೆಯೊಳಗೆ ಆ ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸಿದ ಸಂಕೇತ ಯಾವುದಿರಬಹುದು ಅಂತ ಅವನ ತಲೆ ಆಗಲೇ ಓಡುತ್ತಿತ್ತು.

“ಅಕ್ಕ, ಇನ್ನೊಂದೇ ಒಂದು ಕೊಳವೆ ರಕ್ತ...”

ದಿಂಬು ಬಂದು ಬೆನ್ನಿಗೆ ಬಿತ್ತು.