ನೀಲಿಯಾಗಿರಬೇಕಿದ್ದ ಗಾಜು

ಕಂದು, ಇಲ್ಲಿ ಕಂದು ಇರಕೂಡದು, ನೀಲಿ ಮಾತ್ರ ಇರಬೇಕಾದ ಗಾಜು ಇದು, ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದಳು, ಕನ್ನಡಕದ್ದೇನು ತಪ್ಪು ಪಾಪ, ಕಂದು ಇದ್ದಲ್ಲೇ ಇದೆ, ತೆಳ್ಳಗೆ, ಚಹಾ ಚೆಲ್ಲಿ ಒರೆಸಿದ ಬಟ್ಟೆಯ ಹಾಗೆ — ಅಂಡಾಶಯದ ಗಡ್ಡೆಯ ತುಣುಕು, ಜೀವಕೋಶದ ಗ್ರಾಹಕವನ್ನು, ಅಂದರೆ ರಿಸೆಪ್ಟರನ್ನು, ಹುಡುಕಿ ಅಂಟಿಕೊಂಡು ಕಂದು ಬಣ್ಣ ತರುವ ದ್ರವವನ್ನು ಇದಕ್ಕೆ ಬೇಕೆಂದೇ ಹಾಕಿಲ್ಲ, ಹಾಕದೆಯೂ ಬಣ್ಣ ಬಂದಿದೆ ಎಂದರೆ ಹಾಕಿದ ನೂರಾ ಎಂಬತ್ತು ಗಾಜುಗಳಲ್ಲಿ ಯಾವ ಬಣ್ಣ ನಿಜ, ಯಾವುದು ಸುಳ್ಳು, ಪ್ರತಿ ಪೆಟ್ಟಿಗೆಗೂ ಇಂಥದ್ದೊಂದು ಗಾಜು ಇತ್ತಲ್ಲ, ಮೇಲುಮೇಲಕ್ಕೆ ನೋಡಿ ಸರಿ ಎಂದು ಗೀಚಿದವಳು ಯಾರು, ತಾನೇ, ಎರಡು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತೇ, ಅದೂ ಸಂಶೋಧನಾ ಪತ್ರಿಕೆಗೆ ಲೇಖನ ಹೋಗಬೇಕಾದದ್ದು ಈ ಶುಕ್ರವಾರ — ಹಾರ್ಮೋನು ಬಂದು ಕೂರುವ ಗ್ರಾಹಕ ಜೀವಕೋಶದ ಒಳಗೆ, ಬೆಳೆ ಬೆಳೆ ಎಂದು ಹುರಿದುಂಬಿಸುವ ಇನ್ನೊಂದು ಹೊರಪೊರೆಯ ಮೇಲೆ, ಮಾತ್ರೆ ಕೊಟ್ಟು ಒಳಗಿನದನ್ನು ಮುಚ್ಚಿದರೆ ಗಡ್ಡೆ ಹೊರಗಿನದನ್ನು ಹಿಡಿದು ಬೆಳೆಯುತ್ತದೆಯೇ, ತನ್ನ ಸಂಶೋಧನೆ ಕೇಳಿದ್ದು ಇಷ್ಟೇ, ಅದನ್ನು ಅಕ್ಕನಿಗೆ ಹೇಳಿದಾಗ ಅಕ್ಕ, ಹತ್ತು ತಿಂಗಳು ಮಾತ್ರೆ ನುಂಗಿ ಹನ್ನೊಂದನೆಯ ತಿಂಗಳು ಅದು ಕೈಕೊಟ್ಟ ಅಕ್ಕ, ಆಸ್ಪತ್ರೆಯ ದಿಂಬಿಗೆ ಒರಗಿ ನಕ್ಕಿದ್ದಳು, ಅಂದ್ರೆ ಬೆಕ್ಕಿಗೆ ಬಾಗಿಲು ಹಾಕಿದ್ವಿ, ಅದು ಕಿಟಕೀಲಿ ಬಂತು, ಇಷ್ಟಕ್ಕೆ ನಿಂಗೆ ಡಾಕ್ಟರೇಟ್ ಬೇರೆ ಕೊಟ್ರಾ — ಅವಳ ಗಡ್ಡೆಯ ತುಣುಕೂ ಈ ಪೆಟ್ಟಿಗೆಗಳಲ್ಲಿದೆ, ಎಲ್ಲರಂತೆ ಸಹಿ ಹಾಕಿ ಕೊಟ್ಟಿದ್ದಾಳೆ, ಸಂಖ್ಯೆ ಮಾತ್ರ, ಹೆಸರಿಲ್ಲ, ಯಾವುದೆಂದು ತಂಗಿಗೂ ಗೊತ್ತಿಲ್ಲ, ಗೊತ್ತಾಗಕೂಡದು, ಹಾಗಾಗಿ ಪ್ರತಿ ಗಾಜೂ ಅಕ್ಕನದೇ.

ಪ್ರಯೋಗಾಲಯದ ಮುಖ್ಯಸ್ಥರ ಕೋಣೆಗೆ ಹದಿನೇಳು ಮೆಟ್ಟಿಲು, ಹೇಳದೆ ಇದ್ದುಬಿಟ್ಟರೆ ಯಾರಿಗೂ ತಿಳಿಯದು ಎಂಬ ಮಾತು ಒಂಬತ್ತನೆಯ ಮೆಟ್ಟಿಲವರೆಗೆ ಜೊತೆಗೇ ಬಂತು, ಅಲ್ಲಿ ಅಕ್ಕನ ಹೊಲಿಗೆ ಅಂಗಡಿ ನೆನಪಾಯಿತು, ರವಿಕೆಯ ತೋಳು ತಿರುಗುಮುರುಗಾಗಿ ಕೂಡಿಸಿ ತಾನು ಅತ್ತ ಮಧ್ಯಾಹ್ನ, ಅಕ್ಕ ಅಂದಿದ್ದಳು, ಅಳ್ಬೇಡ ಕಣೇ, ಕತ್ತರಿ ತಪ್ಪಿದ್ರೆ ಬಟ್ಟೆ ಹೋಯ್ತು, ಹೊಲಿಗೆ ತಪ್ಪಿದ್ರೆ ಬಿಚ್ಬೋದು, ಸೂಜಿ ತಗೋ — ಗಾಜಿಗೆ ಕತ್ತರಿಸಿ ಉಳಿದ ಗಡ್ಡೆಯ ತುಣುಕುಗಳು ಇನ್ನೂ ಮೇಣದಲ್ಲಿ ಭದ್ರವಾಗಿವೆ, ಬಟ್ಟೆ ಹೋಗಿಲ್ಲ, ಅವಳು ಬಾಗಿಲು ತಟ್ಟಿದಳು, ಹೇಳಿದಳು. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತ, ಒಂದೇ ಗಾಜು ತಾನೆ, ಬಿಟ್ಬಿಡಿ, ಉಳಿದಿದ್ದೆಲ್ಲ ಎಷ್ಟು ಚೆನ್ನಾಗಿ ಹೊಂದ್ಕೊಂಡಿದೆ, ಎಂದರು, ಅದೇ ನಂಗೆ ಭಯ ಸರ್, ಸುಳ್ಳು ಬಣ್ಣ ಎಲ್ಲಾದಕ್ಕೂ ಹೊಂದ್ಕೊಳ್ಳುತ್ತೆ, ನೀವೇ ಬಂದು ನೋಡಿ. ಬಂದರು, ನೋಡಿದರು, ಇನ್ನೊಂದು ಪೆಟ್ಟಿಗೆಯ ಅಂಥದೇ ಗಾಜು ಕೇಳಿ ಅದನ್ನೂ ನೋಡಿದರು, ತಲೆ ಎತ್ತಿದಾಗ ಮುಖ ಇಳಿದಿತ್ತು, ಎಲ್ಲಾ ಮತ್ತೆ ಮಾಡೋಕೆ ಎಷ್ಟು ದಿನ ಬೇಕು, ಆರು ವಾರ, ನಾಲ್ಕಕ್ಕೆ ಆಗಲ್ವಾ, ಆಗಲ್ಲ ಸರ್.

ಆರು ವಾರ, ಹೊಸದಾಗಿ ಕತ್ತರಿಸು, ಸುಳ್ಳು ಬಣ್ಣ ಉಳಿಯದಂತೆ ತೊಳೆ, ಬಣ್ಣ ಹಾಕು, ಕತ್ತು ಹಿಡಿದುಕೊಂಡರೂ ಎಣಿಸು, ಈಗ ನೀಲಿಯಾಗಿರಬೇಕಾದದ್ದು ನೀಲಿಯಾಗಿದೆ, ಕಂದು ಹರಡುವುದಿಲ್ಲ, ಇದ್ದಲ್ಲಿ ಜೀವಕೋಶದ ಪೊರೆಯುದ್ದಕ್ಕೂ ಉಂಗುರವಾಗಿ ನಿಲ್ಲುತ್ತದೆ, ಕಂದು ಬಂದ ಗಾಜು ಮೊದಲು ನೂರಾ ಹನ್ನೆರಡು ಎಂದು ಬರೆದಿದ್ದಳು, ಈಗ ಮೂವತ್ತೆಂಟು, ಇನ್ನೊಮ್ಮೆ ಎಣಿಸಿದಳು, ಮೂವತ್ತೆಂಟೆಂದೇ ಬರೆದಳು, ಯಾವ ಸಂಖ್ಯೆ ಯಾರದೆಂಬ ಪಟ್ಟಿಗೆ ಬೀಗ ಹಾಕಿಟ್ಟಿದ್ದ ಸಹೋದ್ಯೋಗಿ ಹೋಲಿಸಿ ನೋಡಿ ಬಂದು ಮೇಜಿನ ಅಂಚಿಗೆ ಕೂತಳು, ಮೂವತ್ತೆಂಟರಲ್ಲಿ ಮೂವತ್ತೊಂದು ಜನಕ್ಕೆ ಮಾತ್ರೆ ಕೈಕೊಟ್ಟಿದೆ ಕಣೇ, ಉಂಗುರ ಇಲ್ದೋರಲ್ಲಿ ಹಾಗಾದೋರು ತುಂಬ ಕಮ್ಮಿ, ಈ ಸಲ ನಿಜ. ನಿಜ, ಚಿಕ್ಕದು, ಆದರೆ ನಿಜ, ಒಳಗಿನ ಹೊರಗಿನ ಗ್ರಾಹಕಗಳೆರಡನ್ನೂ ಒಟ್ಟಿಗೆ ಮುಚ್ಚಿ ನೋಡುವ ಔಷಧದ ಪ್ರಯೋಗಕ್ಕೆ ಇಷ್ಟು ಸಾಕು, ಫೋನಿನಲ್ಲಿ ಅಕ್ಕನ ಸಣ್ಣ ದನಿ, ನಂದೂ ಆ ಮೂವತ್ತೆಂಟರಲ್ಲಿದ್ಯಾ, ಗೊತ್ತಿಲ್ಲ ಅಕ್ಕ, ಆ ಪ್ರಯೋಗ ನಂಗೆ ಸಿಗುತ್ತಾ, ಗೊತ್ತಿಲ್ಲ ಅಕ್ಕ, ಸರಿ ಬಿಡು, ಕೆಲಸ ನೋಡು — ನೋಡುತ್ತಾಳೆ, ಬಾಗಿ, ಮುಂದಿನ ಗಾಜು, ನಲ್ಲಿಯ ಬಾಯಲ್ಲಿ ಉಂಗುರ, ಲೋಟದ ಅಂಚಿನಲ್ಲಿ ಉಂಗುರ, ಕಣ್ಣು ಮುಚ್ಚಿದರೂ ಉಂಗುರ, ತೆರೆದರೆ ನೀಲಿಯ ನಡುವೆ, ಚೂಪಾಗಿ, ಎಲ್ಲೂ ಮುರಿಯದೆ, ಕಂದು ಉಂಗುರ.