ಕಲಸಿದ ಬಣ್ಣ

ಮಗಳು ಕೀಲುಗಳನ್ನು ಒಂದೊಂದಾಗಿ ತಂತಿಗೆ ತೂಗುಹಾಕುತ್ತಿದ್ದಾಗ ಚಿಕ್ಕಪ್ಪ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಒಳಮನೆಯಲ್ಲಿ ಅವಳ ಅಪ್ಪನ ಹೆಣವಿತ್ತು. ಅಂಗಳದಲ್ಲಿ ಜನ ತುಂಬಿದ್ದರು. ಮಧ್ಯಾಹ್ನಕ್ಕೆ ಹೆಣ ಒಯ್ಯುವ ವ್ಯಾನು ಬರುವುದಿತ್ತು.

"ನೋಡಿದವರು ಏನಂತಾರೆ ಅಂತ ಸ್ವಲ್ಪನಾದ್ರೂ ಯೋಚನೆ ಇದೆಯೇನಮ್ಮ?"

"ಇವತ್ತು ಮೇಲಿನ ಬಣ್ಣ ಬೀಳಲಿಲ್ಲ ಅಂದ್ರೆ ಅಡಿಯ ಪ್ರೈಮರ್ ಕಲ್ಲಾಗುತ್ತೆ, ಚಿಕ್ಕಪ್ಪ. ಎಲ್ಲಾನೂ ಮತ್ತೆ ಮೊದಲಿಂದ ಉಜ್ಜಬೇಕು. ನಾಳೆ ಬೆಳಗ್ಗೆ ಲಾರಿ ಬರುತ್ತೆ."

ಸಾವಾಗಿದೆ ಅಂತ ಹೇಳಿ ಲಾರಿ ವಾಪಸ್ ಕಳಿಸಿದರಾಯಿತು ಎಂದರು ಚಿಕ್ಕಪ್ಪ. ಅವಳು ಆಗಲೇ ಫೋನ್ ಮಾಡಿದ್ದಳು. ಕಂಟ್ರಾಕ್ಟರು ಸಂತಾಪ ಹೇಳಿ, ಕಡಲ ಬದಿಯ ಬೆಂಚುಗಳನ್ನು ನಾಳೆಯೇ ಜೋಡಿಸಬೇಕು, ಆಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಶೆಡ್ಡಿಗೆ ಇದ್ದದ್ದು ಅದೊಂದೇ ಕೆಲಸ.

*

ಆ ಕೆಲಸ ಒಮ್ಮೆ ಕೆಟ್ಟಿತ್ತು. ಕೆಡಿಸಿದ್ದು ಅಪ್ಪನೇ.

ಬಯಲಲ್ಲಿ ನಿಲ್ಲುವ ಕುರ್ಚಿ, ಬೆಂಚುಗಳ ಕೀಲು, ಬೋಲ್ಟು, ಪಟ್ಟಿಗಳಿಗೆ ಬಣ್ಣ ಹೊಡೆಯುವುದೇ ಅವರ ಕಸುಬು. ಒಂದು ಕೋಟು ಸಾಕು ಅಂದವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರಿಂದ ಎಲ್ಲರೂ ಅವರನ್ನು ಡಬಲ್ ಕೋಟು ಎಂದೇ ಕರೆಯುತ್ತಿದ್ದರು. ಈ ಸಲ ಬಂದ ಸಾಮಾನಿನ ಮೇಲೆ ಸತುವಿನ ಲೇಪ ಹೊಳೆಯುತ್ತಿತ್ತು. ಇದಕ್ಕೆ ಬಣ್ಣ ಹಿಡಿಯೋದಿಲ್ಲ, ಮೇಲ್ಮೈ ಉಜ್ಜಿ ತರಿ ಮಾಡಿ ಪ್ರೈಮರ್ ಹಾಕೋಣ ಎಂದು ಮಗಳು ಹೇಳಿದ್ದಳು. ನೀನು ಹುಟ್ಟೋಕೆ ಮುಂಚೆ ಬ್ರಷ್ ಹಿಡಿದವನು ನಾನು ಎಂದು ಅಪ್ಪ ಹಳೆಯ ಎಣ್ಣೆ ಬಣ್ಣವನ್ನೇ ಬಳಿದರು. ಅದೂ ಡಬಲ್ ಕೋಟು.

ಮೊದಲ ಕಂತು ವಾಪಸ್ ಬಂತು. ಬಣ್ಣ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಸುಲಿದು ಬರುತ್ತಿತ್ತು. ಅಪ್ಪ ಒಂದು ಪಟ್ಟಿಯ ಬಣ್ಣವನ್ನು ಹರಿಯದಂತೆ ಇಡಿಯಾಗಿ ಸುಲಿದು, ತಮ್ಮ ಕುರ್ಚಿಯ ಮೇಲಿನ ಮೊಳೆಗೆ ನೇತುಹಾಕಿದರು. ಬಂದವರೆಲ್ಲ ಅದೇನು ಎಂದು ಕೇಳಿದರೆ "ನನ್ನ ಸರ್ಟಿಫಿಕೇಟು" ಎನ್ನುತ್ತಿದ್ದರು.

ಆಮೇಲೆ ಮಗಳು ಹೇಳಿದಂತೆ ನಡೆಯಿತು. ಅಪ್ಪ ಮೂಲೆಯಲ್ಲಿ ಕೂತು ಮರಳುಕಾಗದ ತಿಕ್ಕಿದರು, ಗೊಣಗಿದರು, ಚಹಾ ತಡವಾಯಿತೆಂದು ಅವಳ ಮೇಲೆ ರೇಗಿದರು. ನಿನ್ನೆ ಪ್ರೈಮರ್ ಮುಗಿದಾಗ, ಬೆಳಗ್ಗೆ ಬೇಗ ಎಬ್ಬಿಸು ಎಂದು ಹೇಳಿ ಮಲಗಿದರು. ಅವಳು ಎಬ್ಬಿಸಲು ಹೋದಳು.

*

"ನೋಡು, ಹೆಣ ಎತ್ತೋ ತನಕ ಈ ಡಬ್ಬ ಮುಟ್ಟಬೇಡ," ಎಂದು ಚಿಕ್ಕಪ್ಪ ಬಣ್ಣದ ಡಬ್ಬದ ಮುಂದೆ ಅಡ್ಡ ನಿಂತರು.

ತಾಯಿ ಯಾವಾಗ ಒಳಗೆ ಬಂದರೋ ಯಾರೂ ಗಮನಿಸಲಿಲ್ಲ. ಅತ್ತು ಅತ್ತು ಮುಖ ಊದಿತ್ತು. ಮೈದುನನನ್ನು ಮೊಣಕೈಯಿಂದ ಸರಿಸಿ, ಬಣ್ಣ ಗಟ್ಟಿಯಾಗಿಸುವ ಹಾರ್ಡನರ್‌ನ ಸಣ್ಣ ಡಬ್ಬವನ್ನು ಬಿಚ್ಚಿ, ಪೂರ್ತಿ ಬಣ್ಣಕ್ಕೆ ಸುರಿದು, ಕೋಲು ಹಾಕಿ ಕಲಸತೊಡಗಿದರು.

ಒಮ್ಮೆ ಕಲಸಿದರೆ ಮುಗಿಯಿತು. ಮಧ್ಯಾಹ್ನ ದಾಟುವಷ್ಟರಲ್ಲಿ ಡಬ್ಬದಲ್ಲೇ ಹೆಪ್ಪುಗಟ್ಟಿಬಿಡುತ್ತದೆ.

"ಕಲಸಿದ್ದಾಯ್ತು," ಎಂದರು ತಾಯಿ. "ಇನ್ನು ಜಗಳ ಆಡ್ತಾ ನಿಂತ್ರೆ ಬಣ್ಣನೂ ಹೋಯ್ತು. ಕೈ ಇರೋರೆಲ್ಲ ಬನ್ನಿ."

ಮೊದಲು ಬಂದವನು ಪಕ್ಕದ ಶೆಡ್ಡಿನ ವೆಲ್ಡರ್. ಅಂಗಿಯ ತೋಳು ಮಡಚಿಕೊಂಡೇ ಬಂದ. ಅವನ ಹಿಂದೆ ಸೋದರತ್ತೆ, ಆಮೇಲೆ ಅಂಗಳದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದವರೆಲ್ಲ. ಬ್ರಷ್ ಸಾಲಲಿಲ್ಲ. ದೊಡ್ಡ ಬ್ರಷ್ಷುಗಳನ್ನೇ ಮಗಳು ಸೀಳಿ ಹಂಚಿದಳು. ತೆಳ್ಳಗೆ ಎಳೀರಿ, ಕೀಲಿನ ಸಂದಿಗೆ ಬಣ್ಣ ಇಳಿಯೋಕೆ ಬಿಡಬೇಡಿ, ಅಂಚು ಮರೀಬೇಡಿ ಎಂದು ಕೂಗುತ್ತ ಈ ತಂತಿಯಿಂದ ಆ ತಂತಿಗೆ ಓಡಿದಳು. ಯಾರೋ ನಕ್ಕರು, ನಕ್ಕಿದ್ದಕ್ಕೆ ಗಾಬರಿಯಾದರು, ಮತ್ತೆ ನಕ್ಕರು. ಕೊನೆಗೆ ಚಿಕ್ಕಪ್ಪನೂ ಯಾರದೋ ಕೈಯಿಂದ ಬ್ರಷ್ ಕಿತ್ತುಕೊಂಡು ಒಂದು ಕೀಲಿನ ಸಂದಿಯನ್ನೇ ಮೆತ್ತಿ ಮುಚ್ಚಿದರು.

"ಭೇಷ್. ಥೇಟ್ ಅಣ್ಣನ ತಮ್ಮ," ಎಂದ ವೆಲ್ಡರ್. "ಡಬಲ್ ಕೋಟು ಇದನ್ನ ನೋಡಿದ್ರೆ ಎದ್ದು ಬಂದು ಬೈತಾನೆ."

"ಬರ್ಲಿ ಬಿಡಪ್ಪ," ಎಂದರು ತಾಯಿ ತಲೆಯೆತ್ತದೆ. "ನಾನೇನು ಬೇಡ ಅಂದ್ನಾ?"

ಡಬ್ಬದ ತಳದ ಬಣ್ಣ ಜೇನಿನಂತೆ ಎಳೆ ಬಿಡತೊಡಗಿತ್ತು. ಹೊರಗೆ ವ್ಯಾನಿನ ಹಾರ್ನ್ ಕೇಳಿತು. ಇನ್ನೂ ಒಂದು ಸಾಲು ಪಟ್ಟಿಗಳಿದ್ದವು. ಬ್ರಷ್ಷುಗಳ ಸದ್ದು ಬಿರುಸಾಯಿತು. ಮತ್ತೆ ಹಾರ್ನ್. ಮಗಳು ಕೊನೆಯ ಪಟ್ಟಿಯನ್ನು ತೂಗುಹಾಕಿ, ಬೆಳಕಿಗೆ ಬಗ್ಗಿ ಸಾಲುಸಾಲಾಗಿ ನೋಡಿದಳು. ಎಲ್ಲೂ ಸೋರಿಲ್ಲ, ಎಲ್ಲೂ ಬಿಟ್ಟುಹೋಗಿಲ್ಲ.

"ಆಯ್ತು," ಎಂದಳು. ಆಗ ಅವಳಿಗೆ ಅಳು ಬಂತು.

ಕೈಗೆ ಹತ್ತಿದ ಹಸಿರು ಬಣ್ಣ ಸೋಪಿಗೆ ಜಗ್ಗಲಿಲ್ಲ. ಥಿನ್ನರ್ ಮುಗಿದಿತ್ತು. ಬಟ್ಟೆ ಹಾಳಾಗುತ್ತದೆ ಎಂದು ಡ್ರೈವರ್ ಗೊಣಗುತ್ತಿದ್ದಂತೆಯೇ ಅವರು ಅದೇ ಕೈಗಳಿಂದ ಹೆಣವನ್ನು ಎತ್ತಿದರು.

ವ್ಯಾನು ಹೊರಟಿತು. ಬಿಳಿ ಬಟ್ಟೆಯ ಅಂಚಿನುದ್ದಕ್ಕೂ ಹಸಿರು ಹೆಬ್ಬೆರಳುಗಳ ಗುರುತು. ಎರಡೂ ಬದಿಯ ಸೀಟುಗಳಲ್ಲಿ ಕೂತವರು ಹಸಿರು ಬೆರಳುಗಳನ್ನು ಅಗಲಿಸಿ, ಯಾರಿಗೂ ತಾಗದ ಹಾಗೆ ಮೇಲೆತ್ತಿ ಹಿಡಿದಿದ್ದರು. ವ್ಯಾನು ತಿರುವಿನಲ್ಲಿ ವಾಲಿದಾಗ ಎಲ್ಲರೂ ಒಟ್ಟಿಗೆ ವಾಲಿದರು. ಕಂಬಿ ಹಿಡಿಯಲು ಯಾರೂ ಕೈ ಚಾಚಲಿಲ್ಲ.